ದೋಣಿಯ ಬ್ಯಾಟರಿಗೆ ಹಾಕಿದ ಕಟ್ ಆಫ್ ಸ್ವಿಚ್: ಒಂದು ಮಳೆಗಾಲ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಬಳಸದಿರುವಾಗ ಬ್ಯಾಟರಿಯ ಕನೆಕ್ಷನ್ ಬಿಡಿಸಿಡುವ, 680 ರೂಪಾಯಿ ಕೊಟ್ಟ ಈ ಸ್ವಿಚ್ಚು ಒಳ್ಳೆಯ ಮಾಲು. ದೋಣಿ ಇಟ್ಟುಕೊಂಡವರು ಕಣ್ಣುಮುಚ್ಚಿ ತಗೊಳ್ಳಬಹುದು. ಆದರೆ ನಾನು ಮಾಡಿದ ಹಾಗೆ ಮೊದಲು ಸ್ವಿಚ್ಚು ತಂದು, ಆಮೇಲೆ ರೋಗ ಹುಡುಕಲು ಹೋಗಬೇಡಿ. ರೋಗ ಯಾವುದು ಅಂತ ನೋಡದೆ ನಾನು ಎರಡು ಬ್ಯಾಟರಿ ಕಳೆದುಕೊಂಡೆ, ಮನೆಯಲ್ಲಿ ಬೈಸಿಕೊಂಡಿದ್ದು ಬೇರೆ.

ನಮ್ಮ ಮನೆ ಕೊಡಗಿನ ಸಿದ್ದಾಪುರದ ಹತ್ತಿರ, ಕಾವೇರಿ ದಡದಲ್ಲಿ. 2019ರ ಆಗಸ್ಟ್‌ನಲ್ಲಿ ಕರಡಿಗೋಡು, ಗುಹ್ಯ, ನೆಲ್ಯಹುದಿಕೇರಿ ಕಡೆ ಹೊಳೆ ಮನೆಗಳ ಒಳಗೇ ನುಗ್ಗಿದ್ದು ನಿಮಗೂ ನೆನಪಿರಬಹುದು. ಅದಾದ ಮೇಲೆ ನಾವು ಐದು ಮನೆಯವರು ಸೇರಿ ಒಂದು ಫೈಬರ್ ದೋಣಿ ತಗೊಂಡೆವು. 15 ಅಡಿ ಉದ್ದದ್ದು. ಟೂರಿಸ್ಟ್‌ಗಳನ್ನು ಸುತ್ತಾಡಿಸಲು ಅಲ್ಲ, ನೀರು ಏರಿದಾಗ ವಯಸ್ಸಾದವರನ್ನು, ಹಸು ಕರುವನ್ನು ಈಚೆ ತರಲು. ಇಂಜಿನ್ ಸೆಕೆಂಡ್ ಹ್ಯಾಂಡ್. 25 ಹೆಚ್‌ಪಿಯ ಫೋರ್ ಸ್ಟ್ರೋಕ್ ಔಟ್‌ಬೋರ್ಡ್, ಅಂದರೆ ದೋಣಿಯ ಹಿಂಬದಿಗೆ ಹೊರಗಿನಿಂದ ಸಿಗಿಸುವಂಥದ್ದು. ಮಲ್ಪೆಯಲ್ಲಿ ಸಿಕ್ಕಿತು, ಪಿಕಪ್‌ನಲ್ಲಿ ಹಾಕಿ ಸಂಪಾಜೆ ಘಾಟಿ ಹತ್ತಿಸಿ ತಂದೆವು. ಹಗ್ಗ ಎಳೆದೂ ಸ್ಟಾರ್ಟ್ ಮಾಡಬಹುದು, ಆದರೆ ಐದು ಮನೆಯಲ್ಲಿ ನಾಲ್ಕು ಮನೆಯ ಗಂಡಸರು ಐವತ್ತು ದಾಟಿದವರು. ಮಳೆಯಲ್ಲಿ ನೆನೆದುಕೊಂಡು, ಕುಲುಕುವ ದೋಣಿಯಲ್ಲಿ ನಿಂತು, ಆ ಹಗ್ಗ ಎಳೆದರೆ ಒಂದೋ ಭುಜ ಹೋಗುತ್ತದೆ, ಇಲ್ಲಾ ಮನುಷ್ಯನೇ ನೀರಿಗೆ ಹೋಗುತ್ತಾನೆ. ಹಾಗಾಗಿ ಸೆಲ್ಫ್ ಬೇಕು. ಸೆಲ್ಫ್ ಬೇಕು ಅಂದರೆ ಬ್ಯಾಟರಿ ಬೇಕು.

ಈ ದೋಣಿಯ ಜೀವನ ಹೇಗೆ ಅಂದರೆ, ವರ್ಷದಲ್ಲಿ ಎಂಟು ತಿಂಗಳು ಶೆಡ್ಡಿನಲ್ಲಿ ಮಲಗಿರುತ್ತದೆ. ಬೇಸಿಗೆಯಲ್ಲಿ ಹೊಳೆಯ ಬಂಡೆಗಳೆಲ್ಲ ಮೇಲೆ ಬಂದಿರುತ್ತವೆ, ಇಳಿಸಿದರೆ ಇಂಜಿನ್ನಿನ ಫ್ಯಾನು ಕಲ್ಲಿಗೆ ಬಡಿಯುವುದು ಗ್ಯಾರಂಟಿ. ತಿಂಗಳಿಗೊಮ್ಮೆ ಡ್ರಮ್ಮಿನಲ್ಲಿ ನೀರು ತುಂಬಿಸಿ, ಇಂಜಿನ್ ಕಾಲನ್ನು ಅದರೊಳಗೆ ಮುಳುಗಿಸಿ ಐದು ನಿಮಿಷ ಓಡಿಸುತ್ತೇವೆ, ಅಷ್ಟೇ. ಆದರೆ ಹೊಳೆಯ ಮೇಲ್ಭಾಗದ ಭಾಗಮಂಡಲದಲ್ಲಿ ತ್ರಿವೇಣಿ ಸಂಗಮ ಮುಳುಗಿತು ಅಂತ ಸುದ್ದಿ ಬಂದ ದಿನ ಮಾತ್ರ ಕೀ ತಿರುಗಿಸಿದ ತಕ್ಷಣ ಎದ್ದು ನಿಲ್ಲಬೇಕು. ಬ್ಯಾಟರಿಗೆ ಇದಕ್ಕಿಂತ ಕೆಟ್ಟ ಬದುಕು ಬೇರೆ ಇಲ್ಲ ಅಂತ ನನಗೆ ಈಗ ಗೊತ್ತಾಗಿದೆ. ಆಗ ಗೊತ್ತಿರಲಿಲ್ಲ.

ಮೊದಲ ಬ್ಯಾಟರಿ 60 ಎಹೆಚ್‌ನದು (ಆಂಪಿಯರ್ ಅವರ್, ಅಂದರೆ ಒಂದು ಆಂಪಿಯರಿನ ಹಾಗೆ 60 ಗಂಟೆ ಕೊಡುವಷ್ಟು), ಹೊಸದು. ನಾಲ್ಕನೇ ತಿಂಗಳಿಗೆ ಕೀ ತಿರುಗಿಸಿದರೆ ಟಿಕ್ ಟಿಕ್ ಅಂತ ಸದ್ದು ಬಂತೇ ಹೊರತು ಇಂಜಿನ್ ಏಳಲಿಲ್ಲ. ಜೀಪಿನಿಂದ ಕೇಬಲ್ ಕೊಟ್ಟು ಸ್ಟಾರ್ಟ್ ಮಾಡಿದೆವು. ಚಾರ್ಜ್ ಹಾಕಿಸಿ ತಂದೆ. ಮೂರು ವಾರಕ್ಕೆ ಮತ್ತೆ ಅದೇ ಟಿಕ್ ಟಿಕ್. ಹೀಗೆ ಮೂರು ನಾಲ್ಕು ಸಲ ಆದ ಮೇಲೆ ಅದು ಚಾರ್ಜನ್ನೇ ಹಿಡಿಯದಾಯಿತು. ತಗೊಂಡ ಅಂಗಡಿಗೆ ಹೊತ್ತುಕೊಂಡು ಹೋದೆ. ಅವರು ಒಂದು ಮೆಷಿನ್ ಇಟ್ಟು ನೋಡಿ, ಪೂರ್ತಿ ಖಾಲಿ ಮಾಡಿ ಇಟ್ಟಿದ್ದೀರಿ, ವಾರಂಟಿ ಬರಲ್ಲ ಅಂದರು. ಅಂಗಡಿಯ ಹೆಸರು ಬೇಡ ಬಿಡಿ, ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಲೆಡ್ ಆಸಿಡ್ ಬ್ಯಾಟರಿಯನ್ನು ಖಾಲಿ ಬಿಟ್ಟರೆ ಒಳಗಿನ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತುಬಿಡುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಮೊದಲಿನ ಹಾಗೆ ಆಗುವುದಿಲ್ಲ. ನನ್ನ ಸಿಟ್ಟು ಬೇರೆ. ಬ್ಯಾಟರಿ ಯಾಕೆ ಖಾಲಿ ಆಗ್ತಿದೆ ನೋಡಿ ಅಂತ ಒಬ್ಬರಾದರೂ ಹೇಳಬಹುದಿತ್ತು ಅಲ್ವಾ? ಹೇಳಲಿಲ್ಲ, ಇನ್ನೊಂದು ಬ್ಯಾಟರಿ ಕಟ್ಟಿಕೊಟ್ಟರು. ನಾನೂ ತಂದೆ. ಅದು ಐದು ತಿಂಗಳು ಬಾಳಿತು, ಮೂರನೆಯದು ತರಬೇಕಾಯಿತು.

ಆಗ ನಮ್ಮ ಅಣ್ಣನ ಮಗ, ಮೈಸೂರಲ್ಲಿ ಓದುವವನು, "ಚಿಕ್ಕಪ್ಪ, ಕಟ್ ಆಫ್ ಸ್ವಿಚ್ ಅಂತ ಬರುತ್ತೆ, ಅದನ್ನ ಹಾಕಿ" ಅಂತ ಆನ್‌ಲೈನ್‌ನಲ್ಲಿ ಒಂದು ತರಿಸಿದ. 280 ರೂಪಾಯಿ. ಹಸಿರು ಪ್ಲಾಸ್ಟಿಕ್ ಗುಬುಟು ಇರುವ ಹಿತ್ತಾಳೆಯದು, ಬ್ಯಾಟರಿಯ ನೆಗೆಟಿವ್ ಕಡ್ಡಿಗೆ ನೇರವಾಗಿ ಕೂರಿಸುವುದು. ಗುಬುಟು ಸಡಿಲ ಮಾಡಿದರೆ ಕನೆಕ್ಷನ್ ಬಿಡುತ್ತದೆ, ಬಿಗಿ ಮಾಡಿದರೆ ಸೇರುತ್ತದೆ. ಕಾರಿನಲ್ಲಿ ಒಂದೇ ಜಾಗದಲ್ಲಿ ನಿಂತಿರುವ ಬ್ಯಾಟರಿಗೆ ಪರವಾಗಿಲ್ಲ ಅನಿಸುತ್ತದೆ. ದೋಣಿಗೆ ಬೇಡವೇ ಬೇಡ. ಇಂಜಿನ್ ಅದುರುವಿಕೆಗೆ ಗುಬುಟು ತಾನಾಗಿ ಸಡಿಲ ಆಗುತ್ತದೆ. ಒಂದು ದಿನ ಹೊಳೆ ಮಧ್ಯದಲ್ಲಿ ಇಂಜಿನ್ ಓಡುತ್ತಿರುವಾಗಲೇ ಮೀಟರಿನ ದೀಪ ಮಿಣಮಿಣ ಅಂದಿತು, ನೋಡಿದರೆ ಗುಬುಟು ಅರ್ಧ ಬಿಚ್ಚಿಕೊಂಡಿದೆ. ಜೂನ್ ಮುಗಿಯುವುದರೊಳಗೆ ಹಿತ್ತಾಳೆ ಎಲ್ಲ ಕಿಲುಬು ಹಿಡಿದು ಹಸಿರಾಯಿತು. ನಮ್ಮ ಕಡೆ ಮಳೆಗಾಲದಲ್ಲಿ ಬೆಲ್ಟು ಚಪ್ಪಲಿಗೇ ಬೂಷ್ಟು ಬರುತ್ತದೆ, ಈ ಹಿತ್ತಾಳೆ ಯಾವ ಲೆಕ್ಕ.

ಸರಿ, ಗುಬುಟು ಕೆಟ್ಟದ್ದೇ. ಆದರೆ ಅದು ಸರಿಯಾಗಿ ಕೆಲಸ ಮಾಡಿದ ದಿನಗಳಲ್ಲೂ ಬ್ಯಾಟರಿ ಇಳಿಯುತ್ತಲೇ ಇತ್ತು. ಮೊದಲಿನಷ್ಟು ಬೇಗ ಅಲ್ಲ, ನಿಧಾನವಾಗಿ. ಇದೇ ನನಗೆ ತಲೆ ಕೆಡಿಸಿದ್ದು. ಸ್ವಿಚ್ ಆಫ್ ಮಾಡಿದ್ದೇನೆ, ಯಾರೂ ಮುಟ್ಟಿಲ್ಲ, ಮತ್ತೆ ಕರೆಂಟು ಕುಡಿಯುವವರು ಯಾರು?

ಆಮೇಲೆ ಗಾಡಿ ವೈರಿಂಗ್ ಮಾಡುವ ಒಬ್ಬರನ್ನು ಕರೆಸಿದೆ. ಟ್ರ್ಯಾಕ್ಟರ್, ಜೀಪು, ಲಾರಿ ಎಲ್ಲ ಮಾಡುವವರು, ದೋಣಿ ಮಾತ್ರ ಇದೇ ಮೊದಲು. ಮೂರು ಸಲ ನಾಳೆ ಬರ್ತೇನೆ ಅಂದು ನಾಲ್ಕನೇ ಸಲ ಬಂದರು. ಅದೊಂದು ಬಿಟ್ಟರೆ ಅವರ ಕೆಲಸಕ್ಕೆ ನಾನು ಪೂರ್ತಿ ಮಾರ್ಕ್ಸ್ ಕೊಡುತ್ತೇನೆ. ಯಾಕೆಂದರೆ ಬಂದವರು ಹೊಸ ಬ್ಯಾಟರಿ ಹಾಕಿ ಅಂತ ಹೇಳಲಿಲ್ಲ, ಇರುವ ಬ್ಯಾಟರಿಯನ್ನು ಕಳಚಿ ಮನೆಗೆ ತಗೊಂಡು ಹೋಗಿ ಫುಲ್ ಚಾರ್ಜ್ ಮಾಡಿ, ಒಂದು ರಾತ್ರಿ ಯಾವುದಕ್ಕೂ ಸಿಗಿಸದೆ ಸುಮ್ನೆ ಇಡಿ, ಬೆಳಿಗ್ಗೆ ಬಂದು ನೋಡ್ತೇನೆ ಅಂದರು. ಇದು ದೊಡ್ಡ ವಿಷಯ. ಚಾರ್ಜರಿನಿಂದ ತೆಗೆದ ತಕ್ಷಣ ಮೀಟರ್ ಹಿಡಿದರೆ ಎಂಥಾ ಮುದುಕ ಬ್ಯಾಟರಿಯೂ 13 ವೋಲ್ಟ್ ತೋರಿಸುತ್ತದೆ. ರಾತ್ರಿ ಕಳೆದ ಮೇಲೆ ತೋರಿಸುವುದೇ ಅದರ ನಿಜವಾದ ಬಣ್ಣ. 12.6 ಅಥವಾ 12.7 ಇದ್ದರೆ ಪೂರ್ತಿ ಇದೆ ಅಂತ ಅರ್ಥ. 12.4 ಅಂದರೆ ಮುಕ್ಕಾಲು, 12.2 ಅಂದರೆ ಅರ್ಧ, 12ಕ್ಕೆ ಬಂದರೆ ಕಾಲು ಭಾಗ ಮಾತ್ರ ಉಳಿದಿದೆ. 12 ವೋಲ್ಟ್ ಬ್ಯಾಟರಿ 12 ತೋರಿಸಿದರೆ ಸರಿ ಇದೆ ಅಂತ ನಾನು ಅಷ್ಟು ವರ್ಷ ತಿಳಿದುಕೊಂಡಿದ್ದೆ! ಇನ್ನು 10.5ರ ಆಸುಪಾಸಿನಲ್ಲೇ ನಿಂತುಬಿಟ್ಟರೆ ಒಳಗೆ ಒಂದು ಸೆಲ್ ಸತ್ತಿರುವ ಸಾಧ್ಯತೆ ಜಾಸ್ತಿ.

ನಮ್ಮದು ಬೆಳಿಗ್ಗೆ 12.58 ಇತ್ತು. "ಬ್ಯಾಟರಿ ಇನ್ನೂ ಜೀವ ಇದೆ ಸಾರ್. ಕಳ್ಳ ದೋಣಿ ಒಳಗಿದ್ದಾನೆ" ಅಂದರು.

ಕಳ್ಳನನ್ನು ಹಿಡಿಯುವ ವಿಧಾನ ನೋಡಿ, ಇದನ್ನು ಯಾರು ಬೇಕಾದರೂ ಮಾಡಬಹುದು. 400, 500 ರೂಪಾಯಿಯ ಡಿಜಿಟಲ್ ಮಲ್ಟಿಮೀಟರ್ ಸಾಕು. ಎಲ್ಲ ಸ್ವಿಚ್ಚು ಆಫ್, ಇಂಜಿನ್ ಕೀ ಆಫ್. ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಬೇಕು. ಮೀಟರಿನ ಕೆಂಪು ಕಡ್ಡಿಯನ್ನು 10 ಆಂಪಿಯರ್ ತೂತಿಗೆ ಸಿಗಿಸಿ, ಬಿಚ್ಚಿದ ವೈರಿಗೂ ಬ್ಯಾಟರಿ ಕಡ್ಡಿಗೂ ನಡುವೆ ಮೀಟರನ್ನು ಸೇತುವೆ ಹಾಗೆ ಇಡಬೇಕು. ಆಗ ದೋಣಿ ಎಷ್ಟು ಕುಡಿಯುತ್ತಿದೆಯೋ ಅಷ್ಟೂ ಮೀಟರಿನ ಮೂಲಕವೇ ಹಾದುಹೋಗುತ್ತದೆ. ಆ ಹೊತ್ತಿಗೆ ಯಾರೂ ಸೆಲ್ಫ್ ಹೊಡೆಯಬಾರದು. ಸೆಲ್ಫ್ ಮೋಟಾರು 100 ಆಂಪಿಯರ್ ಮೇಲೆ ಎಳೆಯುತ್ತದೆ, ಮೀಟರಿನ ಫ್ಯೂಸು ಒಂದೇ ಏಟಿಗೆ ಹೋಗುತ್ತದೆ. ನಾನು ಹಿಂದಿನ ವಾರ ಯೂಟ್ಯೂಬ್ ನೋಡಿ ಸ್ವಂತ ಪಾಂಡಿತ್ಯ ತೋರಿಸಲು ಹೋಗಿ ಮಗನ ಕಾಲೇಜಿನ ಮೀಟರನ್ನು ಹಾಗೇ ಸುಟ್ಟಿದ್ದೆ. ಹಾಗೇ ವೋಲ್ಟ್ ನೋಡುವ ಮೊದಲು ಕೆಂಪು ಕಡ್ಡಿಯನ್ನು ಮತ್ತೆ ಅದರ ಜಾಗಕ್ಕೆ ಹಾಕಲು ಮರೆಯಬಾರದು.

ನಮ್ಮ ದೋಣಿ, ಎಲ್ಲ ಆಫ್ ಆಗಿರುವಾಗ, 118 ಮಿಲಿ ಆಂಪಿಯರ್ ಕುಡಿಯುತ್ತಿತ್ತು. ಕೇಳಲು ಏನೂ ಅಲ್ಲ. ಲೆಕ್ಕ ಹಾಕಿ ನೋಡಿ. ದಿನಕ್ಕೆ 24 ಗಂಟೆ, ಅಂದರೆ 2.8 ಎಹೆಚ್. 60 ಎಹೆಚ್ ಬ್ಯಾಟರಿ ಹತ್ತು ಹನ್ನೊಂದು ದಿನಕ್ಕೆ ಅರ್ಧ, ಮೂರು ವಾರಕ್ಕೆ ಖಾಲಿ. ನಮ್ಮ ಮೂರು ವಾರದ ಕಥೆ ಸರಿಯಾಗಿ ಕೂತಿತು. ಇದರ ಪಕ್ಕದಲ್ಲಿ ಸೆಲ್ಫ್ ಹೊಡೆಯುವ ಲೆಕ್ಕ ಇಡಿ. 100 ಆಂಪಿಯರ್, ಐದು ಸೆಕೆಂಡು. ಅದು 0.14 ಎಹೆಚ್ ಅಷ್ಟೇ. ಅಂದರೆ ಒಂದು ದಿನ ಸುಮ್ನೆ ನಿಂತಾಗ ಹೋಗುವ ಕರೆಂಟಿನಲ್ಲಿ 20 ಸಲ ಸ್ಟಾರ್ಟ್ ಮಾಡಬಹುದು. ಪದೇ ಪದೇ ಸೆಲ್ಫ್ ಹೊಡೆದು ಬ್ಯಾಟರಿ ಹಾಳು ಮಾಡ್ತೀರಿ ಅಂತ ನಾನು ಮಕ್ಕಳಿಗೆ ಬೈದದ್ದೆಲ್ಲ ವೇಸ್ಟು.

ಆಮೇಲೆ ಅವರು ಒಂದೊಂದೇ ಫ್ಯೂಸು ಕೀಳುತ್ತಾ ಹೋದರು, ಕಣ್ಣು ಮೀಟರಿನ ಮೇಲೆ. ಮೊಬೈಲ್ ಚಾರ್ಜ್ ಮಾಡುವ ಸಾಕೆಟ್ಟಿನ ಫ್ಯೂಸು ಕಿತ್ತಾಗ 20 ಇಳಿಯಿತು. ಅದರಲ್ಲಿ ನೀಲಿ ಅಕ್ಷರದಲ್ಲಿ ವೋಲ್ಟ್ ತೋರಿಸುವ ಪುಟ್ಟ ಡಿಸ್ಪ್ಲೇ ಇದೆ. ಬ್ಯಾಟರಿ ಎಷ್ಟಿದೆ ಅಂತ ತೋರಿಸುತ್ತಾ ತೋರಿಸುತ್ತಾ ಅದೇ ಬ್ಯಾಟರಿಯನ್ನು ತಿನ್ನುತ್ತಿತ್ತು. ಸ್ಟೀರಿಯೋ 8. ಅದು ಆಫ್ ಇದ್ದರೂ ಸ್ಟೇಷನ್ ನೆನಪಿಟ್ಟುಕೊಳ್ಳಲು ಹಳದಿ ವೈರ್ ಒಂದು ಯಾವಾಗಲೂ ಬ್ಯಾಟರಿಗೆ ಅಂಟಿಕೊಂಡಿರುತ್ತದೆ. ಪ್ರವಾಹದ ದೋಣಿಗೆ ಸ್ಟೀರಿಯೋ ಯಾಕೆ ಅಂತ ಕೇಳಬೇಡಿ, ಐದು ಮನೆಯವರು ಸೇರಿ ತಗೊಂಡ ದೋಣಿ ಅಂದೆನಲ್ಲ. ಉಳಿದದ್ದು 90. ಎಲ್ಲ ಫ್ಯೂಸು ಕಿತ್ತರೂ ಅಲ್ಲಾಡಲಿಲ್ಲ.

ಅವರು ಸ್ವಲ್ಪ ಹೊತ್ತು ಬೀಡಿ ಸೇದಿದರು, ದೋಣಿಯಿಂದ ದೂರ ಹೋಗಿ. ಆಮೇಲೆ ಇಂಜಿನ್ನಿನ ಮುಚ್ಚಳ ತೆಗೆದು, ರೆಕ್ಟಿಫೈಯರಿನಿಂದ ಬ್ಯಾಟರಿ ಕಡೆ ಬರುವ ಕೆಂಪು ವೈರನ್ನು ಕಳಚಿದರು. ಮೀಟರ್ ಧಡಕ್ಕಂತ 6ಕ್ಕೆ ಬಂತು. 84 ಮಿಲಿ ಆಂಪಿಯರ್ ಅಲ್ಲೇ ಹೋಗುತ್ತಿತ್ತು!

ಇದು ಗೊತ್ತಿಲ್ಲದವರಿಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಔಟ್‌ಬೋರ್ಡ್ ಇಂಜಿನ್ನಿನಲ್ಲಿ ಕಾರಿನ ಹಾಗೆ ಬೆಲ್ಟ್ ಹಾಕಿದ ಡೈನಮೋ ಸಾಮಾನ್ಯವಾಗಿ ಇರುವುದಿಲ್ಲ. ಫ್ಲೈವೀಲ್ ಒಳಗೆ ಆಯಸ್ಕಾಂತ, ಅದರ ಕೆಳಗೆ ತಾಮ್ರದ ಸುರುಳಿಗಳು. ಅಲ್ಲಿ ಹುಟ್ಟುವ ಕರೆಂಟು ಹಿಂದೆ ಮುಂದೆ ಹೋಗುವಂಥದ್ದು, ಬ್ಯಾಟರಿಗೆ ಆಗುವುದಿಲ್ಲ. ರೆಕ್ಟಿಫೈಯರ್ ಅದನ್ನು ಒಂದೇ ಕಡೆಗೆ ಹರಿಯುವ ಹಾಗೆ ಮಾಡುತ್ತದೆ. ಒಂದು ಕಡೆಗೆ ಮಾತ್ರ ತೆರೆಯುವ ಬಾಗಿಲು ಅಂದುಕೊಳ್ಳಿ. ಆ ಬಾಗಿಲು ಸಡಿಲ ಆದರೆ ಇಂಜಿನ್ ನಿಂತಾಗ ಬ್ಯಾಟರಿಯ ಕರೆಂಟು ವಾಪಸ್ ಸುರುಳಿಗೆ ಸೋರುತ್ತದೆ. ಅಷ್ಟೇ ಅಲ್ಲ, ಇಂಜಿನ್ ಓಡುವಾಗ ಚಾರ್ಜೂ ಸರಿಯಾಗಿ ಆಗುವುದಿಲ್ಲ. ಪರೀಕ್ಷೆಗೆ ಇಂಜಿನ್ನನ್ನು ಡ್ರಮ್ಮಿನಲ್ಲಿ ಓಡಿಸಿ, ಸ್ವಲ್ಪ ರೇಸ್ ಮಾಡಿ ಬ್ಯಾಟರಿ ಮೇಲೆ ಮೀಟರ್ ಹಿಡಿದೆವು. 12.5. ಸರಿ ಇರುವ ಇಂಜಿನ್ ಆದರೆ 13.8ರಿಂದ 14.5ರ ಒಳಗೆ ಇರಬೇಕು. ಅಂದರೆ ನಮ್ಮ ದೋಣಿಯಲ್ಲಿ ಬ್ಯಾಟರಿಗೆ ಖರ್ಚು ಮಾತ್ರ ಇತ್ತು, ಆದಾಯವೇ ಇರಲಿಲ್ಲ. ನಾನು ಹಸಿರು ಗುಬುಟು ಹಾಕಿ ಖರ್ಚು ನಿಲ್ಲಿಸಿದರೂ ಅದು ಇಳಿಯುತ್ತಿದ್ದದ್ದು ಇದಕ್ಕೇ. ಸ್ವಿಚ್ಚು ರೋಗವನ್ನು ಮುಚ್ಚಿಟ್ಟಿತ್ತು.

ಉಳಿದ 6 ಎಲ್ಲಿ ಅಂದರೆ, ಸ್ಟೀರಿಂಗ್ ಕೆಳಗೆ ವೈರುಗಳೆಲ್ಲ ಸೇರುವ ಪಟ್ಟಿಯಲ್ಲಿ. ಈ ಇಂಜಿನ್ನು, ವೈರು ಎಲ್ಲ ಸಮುದ್ರದಲ್ಲಿ ದುಡಿದು ಬಂದದ್ದು. ವೈರಿನ ತೊಗಲು ಸುಲಿದರೆ ಒಳಗಿನ ತಾಮ್ರ ಅರ್ಧ ಅಡಿ ದೂರದವರೆಗೂ ಕಪ್ಪಾಗಿತ್ತು. ಪಟ್ಟಿಯ ಮೇಲೆ ಬಿಳಿ, ಹಸಿರು ಪುಡಿ. ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಒದ್ದೆ ಉಪ್ಪಿನ ಮೇಲೆ ಕರೆಂಟು ಹರಿದಾಡುತ್ತದೆ. ಸಮುದ್ರ ಬಿಟ್ಟು ಘಟ್ಟ ಹತ್ತಿ ಎರಡು ವರ್ಷ ಆಗಿದ್ದರೂ ಉಪ್ಪು ಮಾತ್ರ ಜೊತೆಗೇ ಇತ್ತು. ಪಟ್ಟಿಯನ್ನೇ ಕಿತ್ತು ಹೊಸದು ಹಾಕಿ, ವೈರುಗಳ ತುದಿ ಕತ್ತರಿಸಿ ಹೊಸ ಲಗ್ಗು (ವೈರಿನ ತುದಿಗೆ ಹಾಕುವ ಲೋಹದ ಬಳೆ) ಒತ್ತಿ, ಮೇಲೆ ಬಿಸಿಗೆ ಕುಗ್ಗುವ ಸ್ಲೀವ್ ಹಾಕಿಕೊಟ್ಟರು. ಬರೀ ಟೇಪು ಸುತ್ತಿದರೆ ನಮ್ಮ ಮಳೆಗೆ ಒಂದು ತಿಂಗಳಲ್ಲಿ ಬಿಚ್ಚಿಕೊಂಡು ಅಂಟಂಟಾಗುತ್ತದೆ. ಕರಾವಳಿಯಿಂದ ಹಳೆ ಇಂಜಿನ್ ತರುವವರು ಇದೊಂದನ್ನು ಮೊದಲ ದಿನವೇ ಮಾಡಿಸಿಕೊಳ್ಳಿ. ರೆಕ್ಟಿಫೈಯರನ್ನು ಮಲ್ಪೆಯಲ್ಲಿ ಇಂಜಿನ್ ಕೊಟ್ಟವರ ಕಡೆಯಿಂದಲೇ ತರಿಸಿದೆ. ಈಗ ಓಡುವಾಗ 14.2 ತೋರಿಸುತ್ತದೆ.

ವೈರಿಂಗ್‌ನವರು ಎರಡು ದಿನದ ಕೆಲಸಕ್ಕೆ 1,800 ತಗೊಂಡರು. ಬಿಲ್ಲು ಕೊಡುವುದಿಲ್ಲ, ಫೋನ್ ಎತ್ತುವುದು ಅವರ ಮೂಡಿನ ಮೇಲೆ. ಆದರೂ ಕಿತ್ತ ಪ್ರತಿ ವೈರಿನ ಮೇಲೆ ಎಲ್ಲಿಗೆ ಹೋಗುತ್ತದೆ ಅಂತ ಸ್ಟಿಕ್ಕರ್ ಬರೆದು ಅಂಟಿಸಿದ್ದಾರೆ. ಅಷ್ಟು ಚಂದದ ಅಕ್ಷರ ಅವರದು ಅಂತ ನಾನು ಅಂದುಕೊಂಡಿರಲಿಲ್ಲ.

ಈಗ ಸ್ವಿಚ್ಚಿಗೆ ಬರೋಣ. ಅವರೇ ತಂದು ಹಾಕಿದ್ದು. ಕಪ್ಪು ಡಬ್ಬಿ, ಮೇಲೆ ಕೆಂಪು ಕೀ, ತಿರುಗಿಸಿದರೆ ಖಟ್ ಅಂತ ಕೂರುತ್ತದೆ. ಹಿಂದೆ ಎರಡು ದಪ್ಪ ತಾಮ್ರದ ಬೋಲ್ಟು. ಪಾಸಿಟಿವ್ ಲೈನಿನಲ್ಲಿ, ಬ್ಯಾಟರಿ ಪೆಟ್ಟಿಗೆಯ ಹೊರಗೆ, ಕೈಗೆ ಸಿಗುವ ಜಾಗದಲ್ಲಿ ಹಾಕಿದ್ದಾರೆ. ಹಾಕಿದ ಮೇಲೆ ಒಂದು ಪರೀಕ್ಷೆ ಮಾಡಿಸಿ ನೋಡಿ, ಒಳ್ಳೆ ಸ್ವಿಚ್ಚು ಯಾವುದು ಬೋಗಸ್ ಯಾವುದು ತಕ್ಷಣ ಗೊತ್ತಾಗುತ್ತದೆ. ಮೀಟರನ್ನು ವೋಲ್ಟಿಗೆ ಇಟ್ಟು, ಎರಡು ಕಡ್ಡಿಯನ್ನು ಸ್ವಿಚ್ಚಿನ ಎರಡು ಬೋಲ್ಟಿನ ಮೇಲೆ ಹಿಡಿದು, ಇನ್ನೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ. ಇದರಲ್ಲಿ ಮೀಟರ್ ದಾರಿಯ ನಡುವೆ ಇರುವುದಿಲ್ಲ, ಫ್ಯೂಸು ಹೋಗುವ ಭಯವಿಲ್ಲ. ಹೊಸ ಸ್ವಿಚ್ಚಿನಲ್ಲಿ 0.1 ವೋಲ್ಟ್ ಬಂತು. ಹಸಿರು ಗುಬುಟಿಗೂ ಇದೇ ಪರೀಕ್ಷೆ ಮಾಡಿದೆವು, 0.9. ಸುಮಾರು ಒಂದು ವೋಲ್ಟನ್ನು ಅದೇ ನುಂಗುತ್ತಿತ್ತು. ಕೈಯಿಟ್ಟು ನೋಡಿದರೆ ಬೆಚ್ಚಗಾಗಿತ್ತು ಕೂಡ. ಮಳೆಗಾಲ ಮುಗಿದ ಮೇಲೆ ಹೊಸದನ್ನು ಮತ್ತೆ ನೋಡಿದೆ, ಅದೇ 0.1. ಬೋಲ್ಟಿಗೆ ಪೆಟ್ರೋಲಿಯಂ ಜೆಲ್ಲಿ ಸವರಿದ್ದೆ, ಕಿಲುಬು ಬಂದಿಲ್ಲ.

ಇಂಜಿನ್ ಓಡುವಾಗ ಇದನ್ನು ಆಫ್ ಮಾಡಬಾರದು. ಬ್ಯಾಟರಿ ಕನೆಕ್ಷನ್ ತಟ್ಟನೆ ಬಿಟ್ಟರೆ ವೋಲ್ಟ್ ಒಮ್ಮೆಲೇ ಜಿಗಿದು ರೆಕ್ಟಿಫೈಯರಿನ ಪ್ರಾಣ ತೆಗೆಯಬಹುದು. ಹಸಿರು ಗುಬುಟು ಹೊಳೆ ಮಧ್ಯೆ ಬಿಚ್ಚಿಕೊಂಡಿದ್ದು ಹೇಳಿದೆನಲ್ಲ, ನಮ್ಮ ರೆಕ್ಟಿಫೈಯರಿಗೆ ಅದೂ ಒಂದು ಪೆಟ್ಟು ಕೊಟ್ಟಿರಬಹುದು ಅಂತ ವೈರಿಂಗ್‌ನವರ ಅನುಮಾನ. ಈಗ ಸ್ವಿಚ್ಚಿನ ಪಕ್ಕ ಪೇಂಟಿನಲ್ಲಿ "ಇಂಜಿನ್ ಓಡುವಾಗ ಮುಟ್ಟಬೇಡಿ" ಅಂತ ಬರೆಸಿದ್ದೇನೆ.

ಇನ್ನೊಂದು ನಾನೇ ಮಾಡಿಕೊಂಡ ಎಡವಟ್ಟು. ಜೂನ್ ಕೊನೆಗೆ ದೋಣಿಯನ್ನು ಹೊಳೆಗೆ ಇಳಿಸಿ ಹೊಂಗೆ ಮರಕ್ಕೆ ಕಟ್ಟಿದೆವು. ನಾನು ಶಿಸ್ತಿನಿಂದ ಸ್ವಿಚ್ ಆಫ್ ಮಾಡಿ ಮನೆಗೆ ಬಂದು ಮಲಗಿದೆ. ರಾತ್ರಿಯೆಲ್ಲ ಮಳೆ. ಬೆಳಿಗ್ಗೆ ನೋಡಿದರೆ ದೋಣಿ ಎಮ್ಮೆ ಹಾಗೆ ನೀರಿನಲ್ಲಿ ಕೂತಿದೆ, ಹಿಂದಿನ ಅಂಚು ನೀರಿನ ಮಟ್ಟಕ್ಕೆ ನಾಲ್ಕು ಬೆರಳು ಮಾತ್ರ. ದೋಣಿಯ ತಳದ ನೀರು ಎತ್ತಿ ಹಾಕುವ ಪಂಪೂ ಅದೇ ಸ್ವಿಚ್ಚಿನ ಆಚೆಗಿತ್ತು! ನಮ್ಮ ದೋಣಿಯ ಬಾಯಿ ಸುಮಾರು 6 ಚದರ ಮೀಟರ್. ಕೊಡಗಿನಲ್ಲಿ ಜುಲೈಯಲ್ಲಿ ಒಂದು ದಿನಕ್ಕೆ 100 ಮಿಲಿಮೀಟರ್ ಮಳೆ ಬರುವುದು ಯಾರಿಗೂ ಆಶ್ಚರ್ಯದ ವಿಷಯವಲ್ಲ. ಅಷ್ಟು ಬಂದರೆ ದೋಣಿಯೊಳಗೆ 600 ಲೀಟರ್, ಅಂದರೆ 600 ಕೆಜಿ ನೀರು. ಹತ್ತು ಜನ ಹತ್ತಿ ಕೂತ ಹಾಗೆ.

ಹಾಗಾಗಿ ಪಂಪಿನ ವೈರನ್ನು ಸ್ವಿಚ್ಚಿನ ಈಚೆ, ಬ್ಯಾಟರಿಯಿಂದ ನೇರವಾಗಿ, ಅದರದ್ದೇ ಒಂದು ಫ್ಯೂಸು ಹಾಕಿ ಕೊಡಬೇಕು. ಫ್ಯೂಸು ಬ್ಯಾಟರಿಗೆ ಹತ್ತಿರ ಇರಲಿ. ಹೀಗೆ ಮಾಡಿದರೆ ಪಂಪು ಸ್ವಿಚ್ಚಿನ ಕಾವಲಿನಿಂದ ಹೊರಗೆ ಉಳಿಯುತ್ತದೆ ನಿಜ. ನಮ್ಮ ಪಂಪು ಓಡುವಾಗ 2 ಆಂಪಿಯರ್ ಎಳೆಯುತ್ತದೆ. ದಿನಕ್ಕೆ ಒಂದು ಗಂಟೆ ಓಡಿದರೂ 2 ಎಹೆಚ್, ನಡುನಡುವೆ ಇಂಜಿನ್ ಓಡಿಸಿದರೆ ತೊಂದರೆಯಿಲ್ಲ. ಆದರೆ ನೀರು ಏರಿದಾಗ ಪಂಪನ್ನು ಆನ್ ಮಾಡುವ ಆ ತೇಲುವ ಸ್ವಿಚ್ಚಿನ ಕೆಳಗೆ ಒಂದು ಎಲೆ ಸಿಕ್ಕಿಕೊಂಡರೆ ಪಂಪು ನೀರಿಲ್ಲದಿದ್ದರೂ ಬೆಳಗಿನವರೆಗೆ ಓಡುತ್ತದೆ. ಹತ್ತು ಗಂಟೆಗೆ 20 ಎಹೆಚ್. ನಮ್ಮದರಲ್ಲಿ ಜುಲೈಯಲ್ಲಿ ಒಂದು ಸಲ ಹಾಗಾಯಿತು, ಸಿಕ್ಕಿದ್ದು ಸಿಲ್ವರ್ ಓಕ್ ಎಲೆ. ಈಗ ಪಂಪಿನ ಸುತ್ತ ಮೀನಿನ ಬಲೆಯ ತುಂಡು ಸುತ್ತಿದ್ದೇನೆ. ದಿನಾ ಸಂಜೆ ಹಾಲಿಗೆ ಹೋಗುವಾಗ ಒಮ್ಮೆ ಬಗ್ಗಿ ನೋಡುತ್ತೇನೆ.

ಸೋಲಾರ್ ಪ್ಯಾನೆಲ್ ಹಾಕಬಹುದಲ್ಲಾ ಅಂತ ಎಲ್ಲರೂ ಕೇಳುತ್ತಾರೆ. 10 ವ್ಯಾಟಿನದು ಹಾಕಿ ನೋಡಿದ್ದೇನೆ. ಒಳ್ಳೆ ಬಿಸಿಲಿನಲ್ಲಿ ಅರ್ಧ ಆಂಪಿಯರ್ ಕೊಡುತ್ತದೆ, ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಶೆಡ್ಡಿನ ಶೀಟಿನ ಮೇಲೆ ಇಟ್ಟರೆ ಬ್ಯಾಟರಿ ತಾನಾಗಿ ತುಂಬಿರುತ್ತದೆ. ನಮಗೆ ಬೇಕಾದ ಜುಲೈ, ಆಗಸ್ಟ್‌ನಲ್ಲಿ? ಸೂರ್ಯನ ಮುಖವನ್ನೇ ನೋಡದ ವಾರಗಳಲ್ಲಿ ಅದು ಗೋಡೆಗೆ ನೇತುಹಾಕಿದ ಕ್ಯಾಲೆಂಡರ್ ಇದ್ದ ಹಾಗೆ. ತಗೊಳ್ಳುವುದಾದರೆ ಚಾರ್ಜ್ ಕಂಟ್ರೋಲರ್ ಅಥವಾ ಡಯೋಡ್ (ಕರೆಂಟನ್ನು ಒಂದೇ ಕಡೆಗೆ ಬಿಡುವ ಬಿಡಿಭಾಗ) ಇರುವುದನ್ನೇ ತಗೊಳ್ಳಿ. ಎರಡೂ ಇಲ್ಲದ್ದು ರಾತ್ರಿ ಬ್ಯಾಟರಿಯಿಂದಲೇ ವಾಪಸ್ ಎಳೆಯುತ್ತದೆ, ಕಳ್ಳನನ್ನು ಕಾಯಲು ಇನ್ನೊಬ್ಬ ಕಳ್ಳ.

ಮಳೆಗಾಲದಲ್ಲಿ ನಾನು ಮಾಡುವುದು ಇಷ್ಟೇ. ಜೋರು ಗಾಳಿ ಮಳೆ ಶುರುವಾದರೆ ನಮ್ಮಲ್ಲಿ ಮರ ಬಿದ್ದು ಕರೆಂಟು ಮೂರು ದಿನ ಹೋದರೂ ಹೋಯಿತು. ಹಾಗಾಗಿ ಮೊದಲ ಮಳೆಗೂ ಮುಂಚೆ ಮನೆಯಲ್ಲಿ ಫುಲ್ ಚಾರ್ಜ್. ಅಡುಗೆಮನೆಯಲ್ಲಿ ಅಲ್ಲ, ಜಗಲಿಯಲ್ಲಿ. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಗ್ಯಾಸ್ ಬರುತ್ತದೆ, ಹತ್ತಿರ ಬೆಂಕಿ, ಕಿಡಿ ಯಾವುದೂ ಇರಬಾರದು. ಬ್ಯಾಟರಿಯ ಮೇಲ್ಭಾಗ ಕೊಳೆಯಾಗಿ ಒದ್ದೆ ಇದ್ದರೆ ಅದರ ಮೂಲಕವೂ ಸ್ವಲ್ಪ ಸೋರುತ್ತದೆ. ಅಡುಗೆ ಸೋಡ ಕಲಸಿದ ನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರೆ ಸಾಕು, ಮುಚ್ಚಳದ ತೂತಿನೊಳಗೆ ಆ ನೀರು ಹೋಗದ ಹಾಗೆ ನೋಡಿಕೊಳ್ಳಬೇಕು. ಏನೂ ಸಿಗಿಸದೆ ಇಟ್ಟರೂ ಬ್ಯಾಟರಿ ತಿಂಗಳಿಗೆ ನೂರಕ್ಕೆ ನಾಲ್ಕೈದರಷ್ಟು ತಾನಾಗಿಯೇ ಇಳಿಯುತ್ತದೆ, ಅದಕ್ಕೆ ಯಾವ ಸ್ವಿಚ್ಚಿನಿಂದಲೂ ಮದ್ದಿಲ್ಲ. ಸಿಮೆಂಟ್ ನೆಲದ ಮೇಲೆ ಇಟ್ಟರೆ ಭೂಮಿಗೆ ಚಾರ್ಜ್ ಇಳಿಯುತ್ತದೆ ಅಂತ ಪಕ್ಕದ ಮನೆ ಅಜ್ಜ ಈಗಲೂ ಹಲಗೆ ಕೊಡುತ್ತಾರೆ. ಈಗಿನ ಪ್ಲಾಸ್ಟಿಕ್ ಡಬ್ಬಿಯ ಬ್ಯಾಟರಿಗೆ ಅದೇನೂ ಆಗುವುದಿಲ್ಲ. ಆದರೂ ನಾನು ಹಲಗೆ ಇಡುತ್ತೇನೆ, ಅಜ್ಜನ ಜೊತೆ ವಾದ ಯಾರಿಗೆ ಬೇಕು. ಇನ್ನು ಕೆಲವರು ಡಿಸ್ಟಿಲ್ಡ್ ವಾಟರ್ ಬದಲು ಮಳೆ ನೀರು ಹಿಡಿದು ಬ್ಯಾಟರಿಗೆ ಹಾಕುತ್ತಾರೆ, ಹೇಗೂ ಆಕಾಶದಿಂದ ಬಂದದ್ದು ಅಂತ. ಹೆಂಚಿನ ಮೇಲಿನ ಪಾಚಿ, ಹಕ್ಕಿ ಹಿಕ್ಕೆ ಎಲ್ಲ ತೊಳೆದುಕೊಂಡು ಬಂದ ನೀರು ಅದು. ಡಿಸ್ಟಿಲ್ಡ್ ವಾಟರ್ ಕ್ಯಾನ್ ಏನೂ ದುಬಾರಿ ಅಲ್ಲ, ಅದನ್ನೇ ಹಾಕಿ.

ಈ ವರ್ಷ ಶೆಡ್ಡಿನಲ್ಲಿ ನಿಲ್ಲಿಸಿ 40 ದಿನ ಆದ ಮೇಲೆ ಮೀಟರ್ ಹಿಡಿದೆ, 12.55 ಇತ್ತು. ಸೆಲ್ಫ್ ಒಂದೇ ಸಲಕ್ಕೆ ಹಿಡಿಯಿತು. ಈ ಸ್ವಿಚ್ಚಿಗೆ ಐದರಲ್ಲಿ ನಾಲ್ಕು ಸ್ಟಾರ್ ಕೊಟ್ಟಿದ್ದೇನೆ. ಒಂದು ಯಾಕೆ ಕಡಿಮೆ ಅಂದರೆ ಆ ಕೆಂಪು ಕೀ. ಆಫ್ ಮಾಡಿದಾಗ ಅದು ಕಳಚಿ ಕೈಗೆ ಬರುತ್ತದೆ. ಕಳ್ಳರಿಗೆ ಸ್ಟಾರ್ಟ್ ಮಾಡಲು ಆಗಬಾರದು ಅಂತ ಹಾಗೆ ಮಾಡಿದ್ದಾರೆ, ಸರಿ. ಆಗಸ್ಟ್‌ನಲ್ಲಿ ನೀರು ಏರುತ್ತಿದೆ ಅಂತ ರಾತ್ರಿ ಹತ್ತು ಗಂಟೆಗೆ ಟಾರ್ಚ್ ಹಿಡಿದು ಓಡಿಹೋದರೆ ಸ್ವಿಚ್ಚಿನಲ್ಲಿ ಕೀ ಇಲ್ಲ. ಅಣ್ಣನ ಮಗ ಮಧ್ಯಾಹ್ನ ಆಫ್ ಮಾಡಿ, ಕೀಯನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡು ಮೈಸೂರು ಬಸ್ಸು ಹತ್ತಿದ್ದಾನೆ. ಸ್ಕ್ರೂಡ್ರೈವರ್ ತುರುಕಿ ತಿರುಗಿಸಲು ನೋಡಿದೆ, ಆಗಲಿಲ್ಲ. ಕೊನೆಗೆ ಎರಡೂ ಬೋಲ್ಟಿನ ವೈರು ಬಿಚ್ಚಿ ಒಂದೇ ಬೋಲ್ಟಿಗೆ ಬಿಗಿದು ಸ್ಟಾರ್ಟ್ ಮಾಡಿದ್ದಾಯಿತು. ಪುಣ್ಯಕ್ಕೆ 13 ನಂಬರ್ ಸ್ಪ್ಯಾನರ್ ದೋಣಿಯಲ್ಲೇ ಇತ್ತು. ಕೀ ಬಿಡಿಯಾಗಿ ಸಿಗುತ್ತದಾ ಅಂತ ಅಂಗಡಿಯಲ್ಲಿ ಕೇಳಿದರೆ, ಇಲ್ಲ ಸಾರ್, ಸೆಟ್ಟೇ ತಗೊಳ್ಳಬೇಕು ಅಂದರು. ತಗೊಂಡೆ. ಎರಡನೇ ಕೀ ಈಗ ಶೆಡ್ಡಿನ ಬಾಗಿಲ ಹಿಂದಿನ ಮೊಳೆಗೆ ತಂತಿ ಕಟ್ಟಿ ನೇತುಹಾಕಿದೆ, ಸ್ಪ್ಯಾನರೂ ಅದರ ಜೊತೆಗೇ.